ಗೋಳಗುಚ್ಛದ ದಟ್ಟಣೆಯಲ್ಲಿ ಅಪರೂಪದ ಶ್ವೇತಕುಬ್ಜಗಳನ್ನು ಗುರುತಿಸುವುದು ಹೇಗೆ?

ಪ್ರಶ್ನೆ — ನಿಶಾಗಣಿತ

ಎಲ್ಲರಿಗೂ ನಮಸ್ಕಾರ.

ಹಬಲ್ ದೂರದರ್ಶಕದ ಸಾರ್ವಜನಿಕ ಸಂಗ್ರಹದಿಂದ ಎನ್‌ಜಿಸಿ 6397 ಎಂಬ ಗೋಳಗುಚ್ಛದ (ಹಳೆಯ ನಕ್ಷತ್ರಗಳು ಗುಂಡಗೆ, ಒತ್ತಾಗಿ ಸೇರಿದ ಗುಂಪಿನ) ಚಿತ್ರಗಳನ್ನು ಇಳಿಸಿಕೊಂಡು, ಅವುಗಳಲ್ಲಿರುವ ನಕ್ಷತ್ರಗಳ ಬೆಳಕನ್ನು ಅಳೆದು, ಬಣ್ಣವನ್ನು ಒಂದು ಅಕ್ಷದಲ್ಲಿಯೂ ಕಾಂತಿಯನ್ನು ಇನ್ನೊಂದರಲ್ಲಿಯೂ ಇಟ್ಟು ಬರೆಯುವ ವರ್ಣ-ಕಾಂತಿ ನಕ್ಷೆಯನ್ನು ಸಿದ್ಧಪಡಿಸಿದ್ದೇನೆ. ನನ್ನ ಬಳಿ ಇರುವುದು ಹಬಲ್‌ನ ಎಸಿಎಸ್ ಕ್ಯಾಮೆರಾದ ನೀಲಿ ಮತ್ತು ಕೆಂಪು ಸೋಸುಕಗಳ (ಫಿಲ್ಟರ್‌ಗಳ) ಚಿತ್ರಗಳು ಹಾಗೂ ಹೈಡ್ರೋಜನ್ ಅನಿಲವು ಹೀರುವ ಅಥವಾ ಸೂಸುವ ಕೆಂಪು ಬೆಳಕಾದ ಹೈಡ್ರೋಜನ್-ಆಲ್ಫಾ ರೇಖೆಗೆ ಹೊಂದಿಸಿದ ಕಿರುಪಟ್ಟಿಯ ಸೋಸುಕದ ಚಿತ್ರಗಳು. ಹೈಡ್ರೋಜನ್ ಉರಿಸುತ್ತಿರುವ ಸಾಮಾನ್ಯ ನಕ್ಷತ್ರಗಳ ಪ್ರಧಾನ ಶ್ರೇಣಿ, ಅದು ತಿರುವು ತೆಗೆದುಕೊಳ್ಳುವ ಜಾಗ, ಕೆಂಪು ದೈತ್ಯಗಳ ಕವಲು ಎಲ್ಲವೂ ಪಠ್ಯಗಳಲ್ಲಿ ಹೇಳಿದಂತೆಯೇ ಕಾಣುತ್ತಿವೆ. ನಕ್ಷೆಯ ಎಡಗಡೆ ಕೆಳಭಾಗದಲ್ಲಿ ಶ್ವೇತಕುಬ್ಜಗಳು, ಅಂದರೆ ಇಂಧನ ಮುಗಿದ ನಕ್ಷತ್ರಗಳ ಉಳಿದ ಪುಟ್ಟ ತಿರುಳುಗಳು, ತಣಿಯುತ್ತ ಇಳಿಯುವ ಶ್ರೇಣಿಯೂ ತೆಳುವಾಗಿ, ಆದರೆ ಸ್ಪಷ್ಟವಾಗಿ ಮೂಡಿದೆ.

ತೊಡಕಿರುವುದು ಈ ಶ್ರೇಣಿಗೂ ಪ್ರಧಾನ ಶ್ರೇಣಿಗೂ ನಡುವೆ, ಖಾಲಿಯಾಗಿರಬೇಕಾದ ಜಾಗದಲ್ಲಿ. ಅಲ್ಲಿ ಚದುರಿದಂತೆ ಹಲವು ಬಿಂದುಗಳಿವೆ. ಹೀಲಿಯಂ ತಿರುಳಿನ ಶ್ವೇತಕುಬ್ಜಗಳು, ಸಂಗಾತಿ ನಕ್ಷತ್ರದಿಂದ ಅನಿಲವನ್ನು ಸೆಳೆದುಕೊಳ್ಳುತ್ತಿರುವ ಶ್ವೇತಕುಬ್ಜಗಳು ಮುಂತಾದ ಅಪರೂಪದ ಬಗೆಗಳು ಇದೇ ಜಾಗದಲ್ಲಿ ಕಾಣಿಸಿಕೊಳ್ಳುತ್ತವೆ ಎಂದು ಓದಿದ್ದೇನೆ. ಆದರೆ ಇಷ್ಟು ಇಕ್ಕಟ್ಟಾದ ಗುಚ್ಛದಲ್ಲಿ ಎರಡು ಸಾಮಾನ್ಯ ನಕ್ಷತ್ರಗಳ ಬೆಳಕು ಬೆರೆತುಹೋದರೂ ಅದೇ ಜಾಗದಲ್ಲಿ ಒಂದು ಬಿಂದು ಮೂಡಬಹುದಲ್ಲವೇ? ಅಳತೆಯ ದೋಷದಿಂದ ಹುಟ್ಟಿದ ಬಿಂದುವನ್ನು ನಿಜವಾದ ಅಪರೂಪದ ಶ್ವೇತಕುಬ್ಜದಿಂದ ಬೇರ್ಪಡಿಸುವ ಕ್ರಮವೇನು ಎಂಬುದು ನನ್ನ ಪ್ರಶ್ನೆ. ಇದರ ಜೊತೆಗೆ, ಸೂರ್ಯನಷ್ಟೇ ಅಥವಾ ಅದಕ್ಕಿಂತ ಹೆಚ್ಚು ದ್ರವ್ಯರಾಶಿಯಿರುವ ಭಾರೀ ಶ್ವೇತಕುಬ್ಜಗಳನ್ನು ಈ ನಕ್ಷೆಯಲ್ಲಿ ಎಲ್ಲಿ ಹುಡುಕಬೇಕು ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ — ಪಿಕ್ಸೆಲ್‌ಪ್ರಿಯ

ನಮಸ್ಕಾರ. ನಿಮ್ಮ ಸಂಶಯ ಸರಿಯಾದ ಜಾಗದಲ್ಲೇ ಇದೆ. ಭೌತವಿಜ್ಞಾನದ ಕಡೆಗೆ ಹೋಗುವ ಮೊದಲು ಚಿತ್ರದ ಕಡೆಗೆ ನೋಡೋಣ, ಏಕೆಂದರೆ ನಡುಜಾಗದ ಬಿಂದುಗಳಲ್ಲಿ ಸಾಕಷ್ಟು ಪಾಲು ಚಿತ್ರದ ಹಂತದಲ್ಲೇ ಬಿದ್ದುಹೋಗುತ್ತದೆ ಎಂಬುದು ನನ್ನ ಅನುಭವ.

ಮೊದಲು ಪ್ರಮಾಣವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಎನ್‌ಜಿಸಿ 6397 ನಮ್ಮಿಂದ ಸುಮಾರು 7,800 ಜ್ಯೋತಿರ್ವರ್ಷ, ಅಂದರೆ ಸುಮಾರು 2,400 ಪಾರ್ಸೆಕ್ ದೂರದಲ್ಲಿದೆ. ಎಸಿಎಸ್ ಕ್ಯಾಮೆರಾದ ಒಂದು ಪಿಕ್ಸೆಲ್ ಆಕಾಶದಲ್ಲಿ 0.05 ಆರ್ಕ್‌ಸೆಕೆಂಡ್ (ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3,600ನೆಯ ಪಾಲು) ಅಗಲವಿದ್ದು, ಆ ದೂರದಲ್ಲಿ ಅದು ಸೂರ್ಯ-ಭೂಮಿ ಅಂತರದ 120 ಪಟ್ಟಿಗೆ ಸಮ. ಸೂರ್ಯನಿಂದ ನೆಪ್ಚೂನ್‌ವರೆಗಿನ ಅಂತರದ ನಾಲ್ಕು ಪಟ್ಟು ಒಂದೇ ಪಿಕ್ಸೆಲ್‌ನಲ್ಲಿ ಅಡಗುತ್ತದೆ ಎಂದಾಯಿತು. ಆದ್ದರಿಂದ ಒಂದನ್ನೊಂದು ಸುತ್ತುವ ನಿಜವಾದ ಯಮಳ ನಕ್ಷತ್ರಗಳು ನಿಮಗೆ ಎರಡಾಗಿ ಕಾಣುವ ಸಂಭವವೇ ಇಲ್ಲ. ಪರಸ್ಪರ ಸಂಬಂಧವಿಲ್ಲದೆ ಒಂದೇ ದೃಷ್ಟಿರೇಖೆಯಲ್ಲಿ ಬಂದ ಎರಡು ನಕ್ಷತ್ರಗಳೂ ಎಷ್ಟೋ ಸಲ ಒಂದೇ ಬಿಂದುವಾಗಿ ಕಾಣುತ್ತವೆ. ಒಂದು ಶ್ವೇತಕುಬ್ಜವೂ ಒಂದು ಮಂದವಾದ ಪ್ರಧಾನ ಶ್ರೇಣಿಯ ನಕ್ಷತ್ರವೂ ಕೆಂಪು ಸೋಸುಕದಲ್ಲಿ ಸಮಾನ ಕಾಂತಿಯವಾಗಿದ್ದು ಒಂದರ ಮೇಲೊಂದು ಬಿದ್ದವು ಎಂದುಕೊಳ್ಳಿ: ಕೆಂಪಿನಲ್ಲಿ ಆ ಬಿಂದು ಒಂಟಿ ಶ್ವೇತಕುಬ್ಜಕ್ಕಿಂತ 0.75 ಮ್ಯಾಗ್ನಿಟ್ಯೂಡ್ (ಕಾಂತಿಯ ಅಳತೆ; ಅಂಕಿ ದೊಡ್ಡದಾದಷ್ಟೂ ನಕ್ಷತ್ರ ಮಂದ) ಹೆಚ್ಚು ಪ್ರಕಾಶಮಾನವಾಗುತ್ತದೆ. ನೀಲಿಯಲ್ಲಿ ಮಾತ್ರ ಬಹುಪಾಲು ಬೆಳಕು ಶ್ವೇತಕುಬ್ಜದ್ದೇ ಆಗಿರುತ್ತದೆ. ಹೀಗಾಗಿ ಅದು ಎರಡು ಶ್ರೇಣಿಗಳ ನಡುವೆ, ನೀವು ಹುಡುಕುತ್ತಿರುವ ಜಾಗಕ್ಕೇ ಬಂದು ಕೂರುತ್ತದೆ.

ಎರಡನೆಯ ತೊಂದರೆ ನೆರೆಹೊರೆಯದು. ಈ ಗುಚ್ಛದಲ್ಲಿ ಪ್ರಧಾನ ಶ್ರೇಣಿಯ ತಿರುವಿನ ನಕ್ಷತ್ರಗಳಿಗಿಂತ ಎಳೆಯ ಶ್ವೇತಕುಬ್ಜಗಳೇ ಸುಮಾರು ಆರು ಮ್ಯಾಗ್ನಿಟ್ಯೂಡ್, ಅಂದರೆ ಸುಮಾರು 250 ಪಟ್ಟು ಮಂದ. ಕೆಂಪು ದೈತ್ಯಗಳ ಜೊತೆ ಹೋಲಿಸಿದರೆ ಈ ಅಂತರ ಹತ್ತು ಮ್ಯಾಗ್ನಿಟ್ಯೂಡನ್ನೂ ದಾಟಿ ಹತ್ತು ಸಾವಿರ ಪಟ್ಟಿಗೂ ಮೀರುತ್ತದೆ. ದೈತ್ಯವೊಂದರ ಬೆಳಕಿನ ಅಂಚು ಮತ್ತು ಅದರಿಂದ ಚಾಚಿಕೊಂಡ ವಿವರ್ತನೆಯ ಕಡ್ಡಿಗಳು ಬಹಳ ದೂರದವರೆಗೂ ಹರಡಿರುತ್ತವೆ. ಆ ಕಡ್ಡಿಗಳ ಮೇಲಿನ ಸಣ್ಣ ಗಂಟುಗಳನ್ನು ತಂತ್ರಾಂಶವು ಮಂದ ನಕ್ಷತ್ರಗಳೆಂದು ಎಣಿಸುವುದುಂಟು. ಈ ಕಾರಣಕ್ಕಾಗಿ, ಪಿಎಸ್‌ಎಫ್ ಎಂದು ಕರೆಯುವ, ಒಂಟಿ ನಕ್ಷತ್ರದ ಬೆಳಕು ಚಿತ್ರದಲ್ಲಿ ಹರಡಿಕೊಳ್ಳುವ ಆಕಾರವನ್ನು ನೀವು ಚಿತ್ರದ ಒಂದೊಂದು ಭಾಗಕ್ಕೂ ಬೇರೆಯಾಗಿ ಲೆಕ್ಕ ಹಾಕಿದ್ದೀರಾ ಎಂಬುದನ್ನು ಮೊದಲು ನೋಡಿಕೊಳ್ಳಿ. ಆಮೇಲೆ ಪ್ರತಿಯೊಂದು ಶಂಕಿತ ಬಿಂದುವಿಗೂ ಆ ಆಕಾರ ಎಷ್ಟು ಚೆನ್ನಾಗಿ ಹೊಂದಿಕೊಂಡಿದೆ, ಬಿಂದು ಚೂಪಾಗಿದೆಯೇ ಅಥವಾ ಹರಡಿದೆಯೇ, ಸುತ್ತಲಿನ ನಕ್ಷತ್ರಗಳ ಬೆಳಕು ಅದರ ಸ್ವಂತ ಬೆಳಕಿನ ಎಷ್ಟು ಪಾಲಿನಷ್ಟಿದೆ ಎಂಬ ಅಂಕಿಗಳನ್ನು ಪರಿಶೀಲಿಸಿ. ಡಾವೋಫಾಟ್, ಡಾಲ್ಫಾಟ್‌ನಂತಹ ತಂತ್ರಾಂಶಗಳು ಇಂತಹ ಗುಣಾಂಕಗಳನ್ನು ತಾವಾಗಿಯೇ ಕೊಡುತ್ತವೆ. ಬಹಳ ಜನ ಆ ಕಂಬಸಾಲುಗಳನ್ನು ನೋಡದೆಯೇ ನಕ್ಷೆ ಬರೆದುಬಿಡುತ್ತಾರೆ ಎಂಬುದು ಬೇರೆ ಮಾತು.

ಇನ್ನು ತಪ್ಪಿಸಲೇಬಾರದ ಕೆಲಸವೆಂದರೆ ಕೃತಕ ನಕ್ಷತ್ರ ಪರೀಕ್ಷೆ. ಪ್ರಧಾನ ಶ್ರೇಣಿಯ ನಡುಗೆರೆಯಿಂದ ಕಾಂತಿ ಮತ್ತು ಬಣ್ಣವನ್ನು ಆಯ್ದುಕೊಂಡು, ಗೊತ್ತಿರುವ ಜಾಗದಲ್ಲಿ ಒಂದು ನಕಲಿ ನಕ್ಷತ್ರವನ್ನು ಎಲ್ಲ ಸೋಸುಕಗಳ ಎಲ್ಲ ಮೂಲಚಿತ್ರಗಳಿಗೂ ಸೇರಿಸಿ, ನಿಜವಾದ ದತ್ತಾಂಶಕ್ಕೆ ಬಳಸಿದ ಕ್ರಮದಲ್ಲೇ ಅದನ್ನು ಮತ್ತೆ ಹುಡುಕಿಸಬೇಕು. ಒಂದು ಬಾರಿಗೆ ಒಂದು ನೆರೆಯಲ್ಲಿ ಒಂದೇ ನಕಲಿಯನ್ನು ಇಡಬೇಕು. ಇಲ್ಲವಾದರೆ ನೀವೇ ಸೃಷ್ಟಿಸಿದ ದಟ್ಟಣೆಯನ್ನು ನೀವೇ ಅಳೆದಂತಾಗುತ್ತದೆ. ಹೀಗೆ ಸಾವಿರಾರು ನಕಲಿಗಳನ್ನು ಹಾಯಿಸಿದ ಮೇಲೆ, ಪ್ರಧಾನ ಶ್ರೇಣಿಯಲ್ಲಿ ಇಟ್ಟವುಗಳಲ್ಲಿ ಎಷ್ಟು ಅಳತೆಯಾಗಿ ಹೊರಬರುವಾಗ ನಡುಜಾಗಕ್ಕೆ ಜಾರಿವೆ ಎಂದು ಎಣಿಸಿ. ಆ ಎಣಿಕೆಯನ್ನು ಗುಚ್ಛದ ಕೇಂದ್ರದಿಂದ ಇರುವ ದೂರಕ್ಕೆ ತಕ್ಕಂತೆ ವಿಂಗಡಿಸಿದರೆ, ನಿಮ್ಮ ನಡುಜಾಗದ ಬಿಂದುಗಳಲ್ಲಿ ಎಷ್ಟು ಪಾಲು ಬರಿಯ ದಟ್ಟಣೆಯ ಫಲ ಎಂಬ ಅಂದಾಜು ನೇರವಾಗಿ ಸಿಗುತ್ತದೆ. ಶ್ವೇತಕುಬ್ಜಗಳ ಶ್ರೇಣಿಗೂ ಇದೇ ಪರೀಕ್ಷೆಯನ್ನು ಮಾಡಿದರೆ, ಕೇಂದ್ರದಲ್ಲಿ ನೀವು ಎಷ್ಟನ್ನು ಕಾಣದೆ ಬಿಟ್ಟಿದ್ದೀರಿ ಎಂಬುದೂ ಗೊತ್ತಾಗುತ್ತದೆ.

ಸಾಧ್ಯವಿದ್ದರೆ ಹಬಲ್‌ನ ಡಬ್ಲ್ಯುಎಫ್‌ಸಿ3 ಕ್ಯಾಮೆರಾದ ಅತಿನೇರಳೆ ಚಿತ್ರಗಳನ್ನೂ ತೆಗೆದುಕೊಳ್ಳಿ. ಅತಿನೇರಳೆಯಲ್ಲಿ ತಂಪಾದ ಕೆಂಪು ದೈತ್ಯಗಳೂ ಸಣ್ಣ ನಕ್ಷತ್ರಗಳೂ ಬಹಳ ಮಟ್ಟಿಗೆ ಅಡಗಿಹೋಗಿ, ಬಿಸಿಯಾದವು ಮಾತ್ರ ಎದ್ದು ಕಾಣುತ್ತವೆ. ಜಾತ್ರೆಯ ಗದ್ದಲದಲ್ಲಿ ಎತ್ತರದ ಸ್ವರದ ಪೀಪಿಯೊಂದು ಬೇರೆಯಾಗಿ ಕೇಳಿಸುವಂತೆ, ಅದೇ ದಟ್ಟಣೆಯ ನಡುವೆಯೇ ಶ್ವೇತಕುಬ್ಜ ಬೇರೆಯಾಗಿ ನಿಲ್ಲುತ್ತದೆ. ಒಂದು ಎಚ್ಚರಿಕೆ: ಅತಿನೇರಳೆ ಚಿತ್ರಗಳ ಹಿನ್ನೆಲೆ ತೀರ ಕತ್ತಲಾಗಿರುವುದರಿಂದ, ವಿಕಿರಣದಿಂದ ಸವೆದ ಸಂವೇದಕದಲ್ಲಿ ಮಂದ ನಕ್ಷತ್ರದ ವಿದ್ಯುದಂಶದ ಒಂದು ಪಾಲು ಓದುವ ದಾರಿಯಲ್ಲೇ ಸೋರಿಹೋಗುತ್ತದೆ. ಅದನ್ನು ಸರಿಪಡಿಸದಿದ್ದರೆ ಶ್ವೇತಕುಬ್ಜಗಳು ಇರುವುದಕ್ಕಿಂತ ಕೆಂಪಾಗಿ ಕಂಡು, ನಡುಜಾಗದ ಕಡೆಗೆ ಸರಿದುಬಿಡುತ್ತವೆ.

ಉತ್ತರ — ರೋಹಿತದರ್ಶಿ

ಚಿತ್ರದ ಹಂತವನ್ನು ಪಿಕ್ಸೆಲ್‌ಪ್ರಿಯ ಅವರು ಚೆನ್ನಾಗಿ ವಿವರಿಸಿದ್ದಾರೆ. ಆ ಜರಡಿಯಲ್ಲಿ ಉಳಿದ ಬಿಂದುಗಳ ಬಗ್ಗೆ ನಾನು ಬರೆಯುತ್ತೇನೆ. ನೀವು ಆರಿಸಿಕೊಂಡಿರುವ ಗುಚ್ಛವೇ ಈ ವಿಷಯದಲ್ಲಿ ಹೆಸರುವಾಸಿಯಾದದ್ದು ಎಂಬುದನ್ನು ಮೊದಲು ಹೇಳಬೇಕು.

ಸಾಮಾನ್ಯ ಶ್ವೇತಕುಬ್ಜದ ತಿರುಳಿನಲ್ಲಿ ಇಂಗಾಲ ಮತ್ತು ಆಮ್ಲಜನಕ ಇರುತ್ತವೆ. ಗೋಳಗುಚ್ಛಗಳಲ್ಲಿ ಈಗಷ್ಟೇ ಹುಟ್ಟುತ್ತಿರುವ ಶ್ವೇತಕುಬ್ಜಗಳ ದ್ರವ್ಯರಾಶಿ ಸೂರ್ಯನ ಸುಮಾರು 0.53 ಪಾಲು, ಎಂ4 ಗುಚ್ಛದ ಶ್ವೇತಕುಬ್ಜಗಳ ರೋಹಿತಗಳಿಂದ (ಬಣ್ಣಬಣ್ಣಗಳಾಗಿ ಬಿಡಿಸಿದ ಬೆಳಕಿನಿಂದ) 2009ರಲ್ಲಿ ಪ್ರಕಟವಾದ ಬೆಲೆ ಇದು. ಹೀಲಿಯಂ ತಿರುಳಿನವು ಇದಕ್ಕಿಂತ ಹಗುರ. ಕೆಂಪು ದೈತ್ಯದ ತಿರುಳು ಸೂರ್ಯನ ಸುಮಾರು 0.47 ಪಾಲಿನಷ್ಟು ಬೆಳೆದಾಗ ಅದರೊಳಗಿನ ಹೀಲಿಯಂ ಹೊತ್ತಿಕೊಳ್ಳುತ್ತದೆ. ಆ ಹಂತಕ್ಕೆ ಮುಟ್ಟುವ ಮೊದಲೇ ಸಂಗಾತಿ ನಕ್ಷತ್ರವೊಂದು ದೈತ್ಯದ ಹೊರಪದರವನ್ನು ಕಳಚಿಹಾಕಿದರೆ, ಹೊತ್ತಿಕೊಳ್ಳದ ಹೀಲಿಯಂ ತಿರುಳೇ ಬರಿದಾಗಿ ಶ್ವೇತಕುಬ್ಜವಾಗಿ ಉಳಿಯುತ್ತದೆ. ಸೂರ್ಯನ 0.2 ಪಾಲಿನಷ್ಟು ಹಗುರವಾದ ಶ್ವೇತಕುಬ್ಜವು ಒಂಟಿ ನಕ್ಷತ್ರದಿಂದ ತಾನಾಗಿ ಹುಟ್ಟಲು ವಿಶ್ವದ ಈವರೆಗಿನ ವಯಸ್ಸು ಸಾಲದು; ಆದ್ದರಿಂದ ಅಂತಹದೊಂದು ಸಿಕ್ಕಿತೆಂದರೆ ಅದರ ಹಿಂದೆ ಯಮಳ ನಕ್ಷತ್ರದ ಚರಿತ್ರೆ ಇದೆ ಎಂದೇ ಅರ್ಥ.

ಶ್ವೇತಕುಬ್ಜಗಳಲ್ಲಿ ದ್ರವ್ಯರಾಶಿ ಕಡಿಮೆಯಾದಷ್ಟೂ ಗಾತ್ರ ಹೆಚ್ಚು. ಸ್ಥೂಲವಾಗಿ ಲೆಕ್ಕ ಹಾಕಿದರೆ, ಒಂದೇ ಉಷ್ಣತೆಯಲ್ಲಿ 0.2 ಸೂರ್ಯರಾಶಿಯ ಶ್ವೇತಕುಬ್ಜವು 0.53 ಸೂರ್ಯರಾಶಿಯದಕ್ಕಿಂತ ಸುಮಾರು ಎರಡು ಪಟ್ಟು, ಅಂದರೆ 0.7 ಮ್ಯಾಗ್ನಿಟ್ಯೂಡಿನಷ್ಟು ಹೆಚ್ಚು ಬೆಳಗುತ್ತದೆ. ಅದರ ಮೇಲೆ ದಪ್ಪನೆಯ ಹೈಡ್ರೋಜನ್ ಹೊದಿಕೆಯೂ ಇರುವುದರಿಂದ ನಿಜವಾದ ಅಂತರ ಇನ್ನೂ ದೊಡ್ಡದಾಗುತ್ತದೆ. ನಕ್ಷೆಯಲ್ಲಿ ಅವು ಸಾಮಾನ್ಯ ಶ್ರೇಣಿಯ ಮೇಲ್ಗಡೆ, ಬಲಕ್ಕೆ ಸರಿದು, ನೀವು ಹೇಳುವ ನಡುಜಾಗದಲ್ಲಿ ಬರಲು ಇದೇ ಕಾರಣ.

ಈಗ ನಿಮ್ಮ ಬಳಿ ಇರುವ ಹೈಡ್ರೋಜನ್-ಆಲ್ಫಾ ಚಿತ್ರವನ್ನು ಬಳಸಿಕೊಳ್ಳುವ ಬಗೆ. ಶ್ವೇತಕುಬ್ಜದ ಮೇಲ್ಮೈಯಲ್ಲಿ ಒತ್ತಡ ವಿಪರೀತವಾಗಿರುವುದರಿಂದ ಅದರ ಹೈಡ್ರೋಜನ್ ರೇಖೆಗಳು ಅಗಲವಾಗಿಯೂ ಆಳವಾಗಿಯೂ ಇರುತ್ತವೆ. ಕಿರುಪಟ್ಟಿಯ ಸೋಸುಕದ ಪೂರ್ತಿ ಅಗಲವನ್ನು ಆ ರೇಖೆಯೇ ಆವರಿಸಿಬಿಡುತ್ತದೆ. ಹೀಗಾಗಿ ಅಗಲಪಟ್ಟಿಯ ಕೆಂಪು ಸೋಸುಕದಲ್ಲಿ ಕಂಡದ್ದಕ್ಕಿಂತ ಹೈಡ್ರೋಜನ್-ಆಲ್ಫಾದಲ್ಲಿ ನಿಜವಾದ ಶ್ವೇತಕುಬ್ಜವು ಮಂದವಾಗುತ್ತದೆ. ಅನಿಲವನ್ನು ಸೆಳೆಯುತ್ತಿರುವ ಕ್ಯಾಟಕ್ಲಿಸ್ಮಿಕ್ ಚರತಾರೆಯಲ್ಲಿ ಇದು ತಿರುವುಮುರುವು: ಅದರ ಸುತ್ತಲಿನ ತಟ್ಟೆಯ ಬಿಸಿ ಅನಿಲವು ಅದೇ ರೇಖೆಯಲ್ಲಿ ಬೆಳಕನ್ನು ಹೊರಸೂಸುವುದರಿಂದ ಕಿರುಪಟ್ಟಿಯಲ್ಲಿ ಅದು ಹೆಚ್ಚು ಬೆಳಗುತ್ತದೆ. ಶ್ವೇತಕುಬ್ಜ ಮತ್ತು ಸಾಮಾನ್ಯ ನಕ್ಷತ್ರ ಬೆರೆತ ಬಿಂದುವಿನಲ್ಲಿ ಸಾಮಾನ್ಯ ನಕ್ಷತ್ರದ ಬೆಳಕು ರೇಖೆಯ ಆಳವನ್ನು ತುಂಬಿಬಿಡುತ್ತದೆ. ಎರಡರ ಬೆಳಕೂ ಸಮನಾಗಿದ್ದರೆ ಆಳ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನೀಲಿಯಿಂದ ಕೆಂಪನ್ನು ಕಳೆದ ಬಣ್ಣವನ್ನು ಒಂದು ಅಕ್ಷದಲ್ಲಿ, ಹೈಡ್ರೋಜನ್-ಆಲ್ಫಾದಿಂದ ಕೆಂಪನ್ನು ಕಳೆದ ಬೆಲೆಯನ್ನು ಇನ್ನೊಂದು ಅಕ್ಷದಲ್ಲಿ ಇಟ್ಟು ನಕ್ಷೆ ಬರೆಯಿರಿ. ಮೊದಲ ನಕ್ಷೆಯಲ್ಲಿ ಒಂದೇ ಗುಂಪಿನಂತೆ ಕಂಡ ಬಿಂದುಗಳು ಇಲ್ಲಿ ಮೂರು ಕಡೆಗೆ ಒಡೆಯುತ್ತವೆ.

ಇದು ಬರಿಯ ಪುಸ್ತಕದ ಮಾತಲ್ಲ. 1998ರಲ್ಲಿ ಇದೇ ಎನ್‌ಜಿಸಿ 6397ರಲ್ಲಿ ಮೂರು ಮಂದವಾದ ನೀಲಿ ನಕ್ಷತ್ರಗಳು ಕಂಡವು. ಕ್ಯಾಟಕ್ಲಿಸ್ಮಿಕ್ ಚರತಾರೆಗಳಾಗಿದ್ದರೆ ಅವುಗಳ ಬೆಳಕು ಮಿಣುಕುತ್ತಿರಬೇಕಿತ್ತು, ಇವು ಮಿಣುಕಲಿಲ್ಲ; ಅದರಿಂದಾಗಿ ಅವುಗಳಿಗೆ ‘ಮಿಣುಕದವು’ ಎಂಬರ್ಥದ ಹೆಸರೇ ಬಿತ್ತು. ಮುಂದೆ ಅವುಗಳಲ್ಲಿ ಒಂದರ ರೋಹಿತ ಹಗುರವಾದ ಹೀಲಿಯಂ ಶ್ವೇತಕುಬ್ಜಕ್ಕೆ ಹೊಂದಿತು. 2009ರಲ್ಲಿ ಎಸಿಎಸ್‌ನ ನೀಲಿ, ಕೆಂಪು, ಹೈಡ್ರೋಜನ್-ಆಲ್ಫಾ ಎಂಬ ಮೂರು ಸೋಸುಕಗಳನ್ನು ಬಳಸಿದ ತಂಡವೊಂದು ಇಂತಹ 24 ಸಂಭಾವ್ಯ ಶ್ವೇತಕುಬ್ಜಗಳ ಪಟ್ಟಿಯನ್ನು ಪ್ರಕಟಿಸಿತು. ನಿಮ್ಮ ಬಿಂದುಗಳ ಸ್ಥಾನಗಳನ್ನು ಆ ಪಟ್ಟಿಯೊಂದಿಗೆ ಹೋಲಿಸಿ ನೋಡಿದರೆ ನಿಮ್ಮ ಕ್ರಮ ಎಷ್ಟು ಗಟ್ಟಿ ಎಂಬುದು ತಕ್ಷಣ ತಿಳಿಯುತ್ತದೆ.

ಉತ್ತರ — ದೂರದ ದಾರಿ

ರೋಹಿತದರ್ಶಿ ಅವರ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಹೈಡ್ರೋಜನ್-ಆಲ್ಫಾದ ಮೇಲೆ ಅವರು ಇಟ್ಟಿರುವಷ್ಟು ಭರವಸೆಯನ್ನು ಗುಚ್ಛದ ನಟ್ಟನಡುವೆ ಇಡಲಾಗದು. ಕಿರುಪಟ್ಟಿಯ ಚಿತ್ರದಲ್ಲಿ ಬೆಳಕು ಕಡಿಮೆ, ಆದ್ದರಿಂದ ಅಳತೆಯ ದೋಷ ಹೆಚ್ಚು. ಮಂದವಾದ ಬಿಂದುಗಳಲ್ಲಿ ದೋಷದ ವ್ಯಾಪ್ತಿಯೇ ರೇಖೆಯ ಆಳದಷ್ಟಾಗಿಬಿಟ್ಟರೆ, ಮೂರು ಗುಂಪುಗಳು ಮತ್ತೆ ಒಂದಾಗುತ್ತವೆ. ಅಲ್ಲದೆ ಹಿನ್ನೆಲೆಯ ದೈತ್ಯದ ಬೆಳಕನ್ನು ಕಳೆಯುವಾಗ ಎರಡು ಸೋಸುಕಗಳಲ್ಲಿ ಸ್ವಲ್ಪ ಭಿನ್ನವಾಗಿ ಕಳೆದರೂ ಸುಳ್ಳು ರೇಖೆಯೊಂದು ಹುಟ್ಟಿಕೊಳ್ಳುತ್ತದೆ. ಆದಕಾರಣ ಬಣ್ಣಕ್ಕೆ ಸಂಬಂಧವೇ ಇಲ್ಲದ ಸಾಕ್ಷ್ಯವೊಂದು ಬೇಕು.

ಅಂತಹ ಮೊದಲನೆಯ ಸಾಕ್ಷ್ಯ ಸ್ವಚಲನೆ, ಅಂದರೆ ವರ್ಷಗಳು ಕಳೆದಂತೆ ನಕ್ಷತ್ರವು ಆಕಾಶದಲ್ಲಿ ಜಾಗ ಬದಲಿಸುವುದು. ಈ ಗುಚ್ಛವು ಆಕಾಶದಲ್ಲಿ ವರ್ಷಕ್ಕೆ ಸುಮಾರು 18 ಮಿಲಿ-ಆರ್ಕ್‌ಸೆಕೆಂಡ್ ವೇಗದಲ್ಲಿ ಸರಿಯುತ್ತಿದೆ. ಐದು ವರ್ಷಗಳ ಅಂತರದ ಎರಡು ಚಿತ್ರಗಳಿದ್ದರೆ, ದೂರದ ಗೆಲಾಕ್ಸಿಗಳನ್ನು ಸ್ಥಿರವೆಂದು ಇಟ್ಟುಕೊಂಡಾಗ ಗುಚ್ಛದ ನಕ್ಷತ್ರಗಳು ಎಸಿಎಸ್‌ನ ಹೆಚ್ಚುಕಡಿಮೆ ಎರಡು ಪಿಕ್ಸೆಲ್‌ಗಳಷ್ಟು ಒಟ್ಟಾಗಿ ಜರುಗಿರುತ್ತವೆ. ನೀಲಿ ಬಣ್ಣದ ಪುಟ್ಟ ಗೆಲಾಕ್ಸಿಗಳು ಮತ್ತು ಕ್ವೇಸಾರ್‌ಗಳು (ಬಹಳ ದೂರದ ಗೆಲಾಕ್ಸಿಗಳ ಉಜ್ವಲ ಕೇಂದ್ರಗಳು) ಶ್ವೇತಕುಬ್ಜಗಳ ಜಾಗದಲ್ಲೇ ಬಂದು ಕೂರುವ ಕಪಟಿಗಳು. ಅವು ಅಲುಗದೆ ನಿಂತಿರುವುದರಿಂದ ಸಿಕ್ಕಿಬೀಳುತ್ತವೆ. ಮುಂದೆ ಹಿಂದೆ ಇರುವ ಆಕಾಶಗಂಗೆಯ ನಕ್ಷತ್ರಗಳೂ ಹೀಗೆಯೇ ಬೇರ್ಪಡುತ್ತವೆ. ಎಲ್ಲ ಗುಚ್ಛಗಳಲ್ಲಿ ಇದು ಇಷ್ಟು ಸಲೀಸಲ್ಲ. 47 ಟುಕಾನಾ ಗುಚ್ಛದ ಹಿಂದೆ ಸಣ್ಣ ಮೆಗಲನ್ ಮೋಡ ಎಂಬ ನೆರೆಯ ಗೆಲಾಕ್ಸಿ ಹರಡಿಕೊಂಡಿದ್ದು, ಅದರ ನಕ್ಷತ್ರಗಳು ಮಂದವಾಗಿ, ನೀಲಿಯಾಗಿ, ಗುಚ್ಛದ ಶ್ವೇತಕುಬ್ಜಗಳ ಬಳಿಯೇ ನಕ್ಷೆಯಲ್ಲಿ ಬೀಳುತ್ತವೆ. ಎರಡರ ಸ್ವಚಲನೆಯ ಅಂತರವೂ ಅಲ್ಲಿ ಚಿಕ್ಕದು. ನಕ್ಷತ್ರಗಳ ಸ್ಥಾನ ಮತ್ತು ಚಲನೆಯನ್ನು ಅಳೆದ ಗಯಾ ಉಪಗ್ರಹದ ಅಳತೆಗಳನ್ನು ನೇರವಾಗಿ ಬಳಸಬಹುದೇ ಎಂದು ಕೆಲವರು ಕೇಳುತ್ತಾರೆ. ಗಯಾದ ನೋಟ ಸುಮಾರು 21ನೆಯ ಮ್ಯಾಗ್ನಿಟ್ಯೂಡಿಗೆ ನಿಲ್ಲುತ್ತದೆ, ನಿಮ್ಮ ಶ್ವೇತಕುಬ್ಜಗಳು ಆರಂಭವಾಗುವುದೇ ಅದರ ಕೆಳಗೆ. ಪ್ರಕಾಶಮಾನವಾದ ನಕ್ಷತ್ರಗಳ ಮೂಲಕ ಹಬಲ್ ಚಿತ್ರಗಳನ್ನು ಆಕಾಶದ ನಿರ್ದೇಶಾಂಕಗಳಿಗೆ ಕೂರಿಸಲು ಮಾತ್ರ ಅದು ನೆರವಾಗುತ್ತದೆ. ಹಯಾಡಿಸ್, ಪ್ರಿಸೆಪಿಯಂತಹ ಹತ್ತಿರದ, ನಕ್ಷತ್ರಗಳು ವಿರಳವಾಗಿರುವ ಮುಕ್ತ ಗುಚ್ಛಗಳ ಕಥೆ ಬೇರೆ, ಅಲ್ಲಿ ಗಯಾ ಒಂದೇ ಬಹುಪಾಲು ಕೆಲಸವನ್ನು ಮುಗಿಸಿಕೊಡುತ್ತದೆ.

ಎರಡನೆಯದು ಕ್ಷ-ಕಿರಣ. 1999ರಲ್ಲಿ ಹಾರಿದ ಚಂದ್ರಾ ದೂರದರ್ಶಕವು ಗೋಳಗುಚ್ಛಗಳ ಕೇಂದ್ರದಲ್ಲಿ ಅನಿಲ ಸೆಳೆಯುತ್ತಿರುವ ಶ್ವೇತಕುಬ್ಜಗಳನ್ನು ದೊಡ್ಡ ಸಂಖ್ಯೆಯಲ್ಲಿ ಬಯಲಿಗೆ ತಂದಿತು. ಚಂದ್ರಾ ಕೊಡುವ ಸ್ಥಾನದಲ್ಲಿ ಅರ್ಧ ಆರ್ಕ್‌ಸೆಕೆಂಡಿನ ಆಸುಪಾಸು ಅನಿಶ್ಚಿತತೆ ಇದ್ದರೂ ಇಕ್ಕಟ್ಟಾದ ಕೇಂದ್ರದಲ್ಲಿ ಆ ಚಿಕ್ಕ ವೃತ್ತದೊಳಗೆ ಹಲವು ನಕ್ಷತ್ರಗಳು ಬೀಳುತ್ತವೆ. ಆದ್ದರಿಂದ ಎರಡು ದೂರದರ್ಶಕಗಳ ನಿರ್ದೇಶಾಂಕಗಳ ನಡುವಿನ ವ್ಯತ್ಯಾಸವನ್ನು, ಈಗಾಗಲೇ ನಿಶ್ಚಯವಾಗಿ ಹೊಂದಿಕೆಯಾದ ಕೆಲವು ಮೂಲಗಳಿಂದ ಮೊದಲು ಸರಿಪಡಿಸಿಕೊಳ್ಳಬೇಕು. ಕ್ಷ-ಕಿರಣವೂ ಇದ್ದು, ಹೈಡ್ರೋಜನ್-ಆಲ್ಫಾ ಹೆಚ್ಚಳವೂ ಇದ್ದು, ಬೆಳಕು ಮಿಣುಕುತ್ತಲೂ ಇದ್ದರೆ ಅದನ್ನು ಕ್ಯಾಟಕ್ಲಿಸ್ಮಿಕ್ ಚರತಾರೆ ಎಂದು ಬರೆಯಲು ಯಾರೂ ಹಿಂಜರಿಯುವುದಿಲ್ಲ. ಇಂತಹ ನಕ್ಷತ್ರವೊಂದು 1860ರಲ್ಲಿ ಎಂ80 ಗುಚ್ಛದೊಳಗೆ ನೋವಾ ಆಗಿ ಸ್ಫೋಟಿಸಿ, ಕೆಲವು ದಿನ ಇಡೀ ಗುಚ್ಛದ ಬೆಳಕಿಗೇ ಸರಿಗಟ್ಟಿತ್ತು. ಅಂತಹ ಸುಲಭದ ಸುಳಿವು ನಮಗೆ ದಿನಾ ಸಿಗುವುದಿಲ್ಲ.

ಮೂರನೆಯದು ನನಗೆ ತುಂಬ ಮೆಚ್ಚುಗೆಯಾದ ಸಾಕ್ಷ್ಯ: ಗುಚ್ಛದಲ್ಲಿ ಅವು ಇರುವ ಜಾಗ. ಗೋಳಗುಚ್ಛದಲ್ಲಿ ನಕ್ಷತ್ರಗಳು ಪರಸ್ಪರ ಸೆಳೆತದಿಂದ ಶಕ್ತಿಯನ್ನು ಹಂಚಿಕೊಳ್ಳುತ್ತ, ಭಾರವಾದವು ಕೇಂದ್ರದ ಕಡೆಗೆ ಇಳಿಯುತ್ತವೆ, ಹಗುರವಾದವು ಹೊರಕ್ಕೆ ತೇಲುತ್ತವೆ. ಸೂರ್ಯನ 0.2 ಅಥವಾ 0.3 ಪಾಲಿನ ದ್ರವ್ಯರಾಶಿಯ ಹೀಲಿಯಂ ಶ್ವೇತಕುಬ್ಜ ಒಂಟಿಯಾಗಿದ್ದರೆ ಹೊರವಲಯದಲ್ಲಿ ಇರಬೇಕಿತ್ತು. ಆ 2009ರ ಪಟ್ಟಿಯವು ಕೇಂದ್ರದ ಸುತ್ತ ಒತ್ತಾಗಿ ಸೇರಿದ್ದವು. ಅವು ಒಂಟಿಯಲ್ಲ, ಕಣ್ಣಿಗೆ ಕಾಣದ ಭಾರವಾದ ಸಂಗಾತಿಯನ್ನು, ಬಹುಶಃ ತಣಿದುಹೋದ ಇನ್ನೊಂದು ಶ್ವೇತಕುಬ್ಜವನ್ನು, ಜೊತೆಗೆ ಇಟ್ಟುಕೊಂಡಿವೆ ಎಂಬ ತೀರ್ಮಾನ ಅದರಿಂದಲೇ ಬಂತು. ನಿಮ್ಮ ಬಿಂದುಗಳು ಕೇಂದ್ರದಿಂದ ಹೇಗೆ ಹರಡಿವೆ ಎಂಬುದನ್ನು, ಕೃತಕ ನಕ್ಷತ್ರ ಪರೀಕ್ಷೆಯಿಂದ ಬಂದ ಕೊರತೆಯನ್ನು ಸರಿದೂಗಿಸಿದ ನಂತರ, ಸಾಮಾನ್ಯ ಪ್ರಧಾನ ಶ್ರೇಣಿಯ ನಕ್ಷತ್ರಗಳ ಹರಹಿಗೆ ಹೋಲಿಸಿ. ಒಂದು ಅಪಾಯವೂ ಇಲ್ಲಿದೆ: ಬೆರೆತ ಬಿಂದುಗಳೂ ದಟ್ಟಣೆ ಹೆಚ್ಚಿರುವ ಕೇಂದ್ರದಲ್ಲೇ ಹೆಚ್ಚು. ಪಿಕ್ಸೆಲ್‌ಪ್ರಿಯ ಅವರು ಹೇಳಿದ ಎಣಿಕೆಯನ್ನು ಮೊದಲು ಮಾಡದೆ ಈ ಹೋಲಿಕೆಗೆ ಕೈಹಾಕಿದರೆ, ದಟ್ಟಣೆಯನ್ನೇ ಭಾರವೆಂದು ಭ್ರಮಿಸುವ ಸಂಭವವಿದೆ.

ಪಲ್ಸಾರ್‌ಗಳ (ವೇಗವಾಗಿ ತಿರುಗುತ್ತ ರೇಡಿಯೋ ಮಿಡಿತಗಳನ್ನು ಕಳುಹಿಸುವ ನ್ಯೂಟ್ರಾನ್ ನಕ್ಷತ್ರಗಳ) ಸಂಗಾತಿಗಳ ವಿಷಯದಲ್ಲಿ ಮಾತ್ರ ಇಷ್ಟೆಲ್ಲ ಸುತ್ತು ಬೇಕಾಗುವುದಿಲ್ಲ. ರೇಡಿಯೋ ಅಳತೆಗಳು ಪಲ್ಸಾರಿನ ಸ್ಥಾನವನ್ನು ಅತಿ ಸೂಕ್ಷ್ಮವಾಗಿ ಕೊಡುತ್ತವೆ, ಅಲ್ಲಿ ನೀಲಿ ಬಿಂದುವೊಂದಿದ್ದರೆ ಅದೇ ಶ್ವೇತಕುಬ್ಜ. ಎನ್‌ಜಿಸಿ 6752ರ ಹೊರವಲಯದಲ್ಲಿ 0.84 ದಿನಕ್ಕೊಮ್ಮೆ ಪಲ್ಸಾರನ್ನು ಸುತ್ತುವ, ಸೂರ್ಯನ ಸುಮಾರು ಐದನೆಯ ಒಂದು ಪಾಲಿನಷ್ಟು ದ್ರವ್ಯರಾಶಿಯ ಹೀಲಿಯಂ ಶ್ವೇತಕುಬ್ಜ ಹೀಗೆಯೇ ಸಿಕ್ಕಿತು. ಕೇಂದ್ರದಿಂದ ದೂರವಿದ್ದ ಕಾರಣ ನೆಲದ ಮೇಲಿನ ದೊಡ್ಡ ದೂರದರ್ಶಕದಿಂದಲೇ ಅದರ ರೋಹಿತವನ್ನೂ ತೆಗೆಯಲು ಸಾಧ್ಯವಾಯಿತು.

ನಿಶಾಗಣಿತ

ಮೂವರಿಗೂ ಧನ್ಯವಾದಗಳು. ಹೈಡ್ರೋಜನ್-ಆಲ್ಫಾ ನಕ್ಷೆಯನ್ನು ಬರೆದು ನೋಡಿದೆ. ಕೆಲವು ಬಿಂದುಗಳು ಶ್ವೇತಕುಬ್ಜಗಳ ಕಡೆಗೆ ಸ್ಪಷ್ಟವಾಗಿ ಸರಿದಿವೆ, ಒಂದೆರಡು ಎದುರು ದಿಕ್ಕಿಗೆ ಎದ್ದಿವೆ, ಉಳಿದವು ಪ್ರಧಾನ ಶ್ರೇಣಿಯ ಮಟ್ಟದಲ್ಲೇ ಇವೆ. ಕೃತಕ ನಕ್ಷತ್ರ ಪರೀಕ್ಷೆ ಇನ್ನೂ ನಡೆಯುತ್ತಿದೆ. ಭಾರೀ ಶ್ವೇತಕುಬ್ಜಗಳ ಪ್ರಶ್ನೆ ಹಾಗೆಯೇ ಉಳಿದಿದೆ. ಜೊತೆಗೆ, ಮೇಲ್ಮೈಯಲ್ಲಿ ಹೈಡ್ರೋಜನ್ ಇನ್ನೂ ಉರಿಯುತ್ತಿದ್ದು ನಿಧಾನವಾಗಿ ತಣಿಯುವ ಶ್ವೇತಕುಬ್ಜಗಳ ಬಗ್ಗೆಯೂ ಓದಿದೆ. ಅವನ್ನೂ ಇದೇ ರೀತಿ ಒಂದೊಂದಾಗಿ ಆರಿಸಬಹುದೇ?

ಉತ್ತರ — ಶೀತಲಾಗ್ನಿ

ಈ ಎರಡು ಬಗೆಗಳಿಗೂ ಉತ್ತರ ‘ಇಲ್ಲ’ ಎಂದೇ, ಆದರೆ ಕಾರಣಗಳು ಬೇರೆ ಬೇರೆ.

ಭಾರೀ ಶ್ವೇತಕುಬ್ಜಗಳು ಭಾರೀ ನಕ್ಷತ್ರಗಳಿಂದ ಹುಟ್ಟುತ್ತವೆ. ಸೂರ್ಯನ ಐದಾರು ಪಟ್ಟಿಗೂ ಮೀರಿದ ದ್ರವ್ಯರಾಶಿಯ ನಕ್ಷತ್ರಗಳು ಸುಮಾರು ಹತ್ತು ಕೋಟಿ ವರ್ಷಗಳ ಒಳಗೇ ಮುಗಿದುಹೋಗುತ್ತವೆ. ಗೋಳಗುಚ್ಛದ ವಯಸ್ಸು ಸಾವಿರ ಕೋಟಿ ವರ್ಷಗಳನ್ನು ದಾಟಿರುವುದರಿಂದ, ಅಲ್ಲಿನ ಭಾರೀ ಶ್ವೇತಕುಬ್ಜಗಳು ಗುಚ್ಛದ ಬಾಳಿನ ಬಹುತೇಕ ಕಾಲವನ್ನು ತಣಿಯುವುದರಲ್ಲೇ ಕಳೆದಿವೆ. ಮೊದಲೇ ಅವುಗಳ ಗಾತ್ರ ಚಿಕ್ಕದು, ಈಗ ಉಷ್ಣತೆಯೂ ಕಡಿಮೆ. 2005ರಲ್ಲಿ ಇದೇ ಎನ್‌ಜಿಸಿ 6397ರ ಒಂದು ತುಣುಕನ್ನು ಹಬಲ್ ಭೂಮಿಯ ಸುತ್ತ ತನ್ನ 126 ಸುತ್ತುಗಳಷ್ಟು ಕಾಲ ನೋಡಿದಾಗ, ಶ್ವೇತಕುಬ್ಜಗಳ ಶ್ರೇಣಿಯ ತುದಿ 27ನೆಯ ಮ್ಯಾಗ್ನಿಟ್ಯೂಡಿನ ಆಚೆಗೆ ಸಿಕ್ಕಿತು. ಆ ತುದಿಯಿಂದ ಲೆಕ್ಕ ಹಾಕಿ ಗುಚ್ಛದ ವಯಸ್ಸು ಸುಮಾರು 1,150 ಕೋಟಿ ವರ್ಷ ಎಂದು 2007ರಲ್ಲಿ ಪ್ರಕಟಿಸಿದರು. ಅತಿ ಭಾರದವು ಆ ತುದಿಯಲ್ಲಿ ಅಥವಾ ಅದಕ್ಕೂ ಕೆಳಗೆ ಇರಬೇಕು. ನಿಮ್ಮ ಚಿತ್ರಗಳು ಅಷ್ಟು ಆಳಕ್ಕೆ ಹೋಗಿರಲಾರವು. ಇದೇ ಗುಚ್ಛದ ಕೇಂದ್ರದಲ್ಲಿ ಕಾಣದ ದ್ರವ್ಯರಾಶಿಯೊಂದು ಹರಡಿಕೊಂಡಿದೆ ಎಂಬುದು ನಕ್ಷತ್ರಗಳ ಚಲನೆಯಿಂದ 2021ರಲ್ಲಿ ತಿಳಿಯಿತು. ಮೊದಲು ಅದನ್ನು ಸಣ್ಣ ಕಪ್ಪುರಂಧ್ರಗಳ ಗುಂಪು ಎಂದು ಅರ್ಥೈಸಿದರು, ಮರುವರ್ಷದ ವಿಶ್ಲೇಷಣೆಯಲ್ಲಿ ಅದು ಬಹುಪಾಲು ಭಾರೀ ಶ್ವೇತಕುಬ್ಜಗಳ ಗುಂಪಾಗಿರುವ ಸಾಧ್ಯತೆಯೇ ಹೆಚ್ಚು ಎಂಬ ನಿಲುವಿಗೆ ಬಂದರು. ಅಂದರೆ ನೀವು ಹುಡುಕುತ್ತಿರುವವು ಅಲ್ಲೇ ಇರಬಹುದು, ಆದರೆ ಅವುಗಳ ತೂಕವಷ್ಟೇ ನಮಗೆ ದಕ್ಕುತ್ತದೆ, ಬೆಳಕು ದಕ್ಕುವುದಿಲ್ಲ. ಬೆಳಕಿನಲ್ಲೇ ನೋಡಬೇಕೆಂದರೆ ಎಳೆಯ ಮುಕ್ತ ಗುಚ್ಛಗಳಿಗೆ ಹೋಗಬೇಕು. ಕೃತ್ತಿಕೆಯಲ್ಲಿರುವ ಎಲ್‌ಬಿ 1497 ಎಂಬ ಶ್ವೇತಕುಬ್ಜವು ಸೂರ್ಯನಷ್ಟೇ ಭಾರವಿದ್ದು ಇನ್ನೂ ಬಿಸಿಯಾಗಿದೆ.

ನಿಧಾನವಾಗಿ ತಣಿಯುವವುಗಳ ಕಥೆ ಹೀಗಿದೆ. ಎಂ3 ಮತ್ತು ಎಂ13 ಗುಚ್ಛಗಳು ವಯಸ್ಸಿನಲ್ಲಿಯೂ ಲೋಹಾಂಶದಲ್ಲಿಯೂ (ಹೀಲಿಯಂಗಿಂತ ಭಾರವಾದ ಧಾತುಗಳ ಪಾಲಿನಲ್ಲಿಯೂ) ಬಹಳ ಹತ್ತಿರದವು. ಹಬಲ್‌ನ ಅತಿನೇರಳೆ ಚಿತ್ರಗಳಲ್ಲಿ ಎರಡರ ಶ್ವೇತಕುಬ್ಜಗಳನ್ನೂ ಎಣಿಸಿದಾಗ, ಪ್ರಕಾಶಮಾನವಾದ ಶ್ವೇತಕುಬ್ಜಗಳು ಎಂ13ರಲ್ಲಿ ನಿರೀಕ್ಷೆಗಿಂತ ಹೆಚ್ಚಾಗಿದ್ದವು. ಎಂ13ರ ಸುಮಾರು ಶೇಕಡಾ 70ರಷ್ಟು ಶ್ವೇತಕುಬ್ಜಗಳು ತೆಳ್ಳಗಿನ ಹೈಡ್ರೋಜನ್ ಪದರವನ್ನು ಉರಿಸುತ್ತ ತಡವಾಗಿ ತಣಿಯುತ್ತಿವೆ ಎಂದು ಭಾವಿಸಿದರೆ ಮಾತ್ರ ಆ ಎಣಿಕೆ ಹೊಂದುತ್ತಿತ್ತು. ಇದು 2021ರಲ್ಲಿ ಪ್ರಕಟವಾಯಿತು. ಎಂ13ರ ನಕ್ಷತ್ರಗಳಲ್ಲಿ ಬಹಳಷ್ಟು, ಹೀಲಿಯಂ ಉರಿಸುವ ಹಂತದಲ್ಲಿ ತೀರ ನೀಲಿಯಾಗಿ, ತೆಳುವಾದ ಹೊದಿಕೆ ಹೊತ್ತಿರುತ್ತವೆ. ಅವು ಕೊನೆಯ ದೈತ್ಯ ಹಂತವನ್ನು ಪೂರ್ತಿಯಾಗಿ ಹಾಯದ ಕಾರಣ, ಆ ಹಂತದಲ್ಲಿ ಕದಡಿ ಖರ್ಚಾಗಬೇಕಿದ್ದ ಹೈಡ್ರೋಜನ್ ಉಳಿದುಕೊಳ್ಳುತ್ತದೆ. ಇಲ್ಲಿ ಗಮನಿಸಬೇಕಾದದ್ದು, ಬಣ್ಣದಲ್ಲಾಗಲಿ ಕಾಂತಿಯಲ್ಲಾಗಲಿ ಇಂತಹ ಒಂದು ಶ್ವೇತಕುಬ್ಜವು ಪಕ್ಕದ ಸಾಮಾನ್ಯ ಶ್ವೇತಕುಬ್ಜಕ್ಕಿಂತ ಭಿನ್ನವಾಗಿ ಕಾಣುವುದಿಲ್ಲ. ಯಾವುದೋ ಒಂದು ಬಿಂದುವನ್ನು ತೋರಿಸಿ ‘ಇದು ಉರಿಯುತ್ತಿದೆ’ ಎನ್ನಲು ಬರುವುದಿಲ್ಲ. ಒಟ್ಟು ಎಣಿಕೆಯಲ್ಲಿನ ಹೆಚ್ಚಳವಷ್ಟೇ ಗೊತ್ತಾಗುತ್ತದೆ. ಆದ್ದರಿಂದ ಈ ಬಗೆಯ ಹುಡುಕಾಟದಲ್ಲಿ, ಎಷ್ಟನ್ನು ಕಾಣದೆ ಬಿಟ್ಟಿದ್ದೇವೆ ಎಂಬ ಲೆಕ್ಕ ತಪ್ಪಿದರೆ ತೀರ್ಮಾನವೇ ತಲೆಕೆಳಗಾಗುತ್ತದೆ.

ಒಂದು ಉಪಕಥೆ. ಮಿನುಗುವ ದೊಡ್ಡ ನಕ್ಷತ್ರದ ಬೆಳಕಿನಲ್ಲಿ ಅಡಗಿದ ಶ್ವೇತಕುಬ್ಜಗಳೂ ಇವೆ. ಎನ್‌ಜಿಸಿ 5466 ಗುಚ್ಛದ ಹೊರವಲಯದ ಒಂದು ‘ನೀಲಿ ಹಿಂದುಳಿಕ’ ನಕ್ಷತ್ರಕ್ಕೆ (ಗುಚ್ಛದ ವಯಸ್ಸಿಗಿಂತ ಎಳೆಯದಾಗಿ ಕಾಣುವ ನೀಲಿ ನಕ್ಷತ್ರಕ್ಕೆ) ಶ್ವೇತಕುಬ್ಜ ಸಂಗಾತಿ ಇದೆ ಎಂಬುದನ್ನು ಇಸ್ರೋದ ಆಸ್ಟ್ರೋಸ್ಯಾಟ್ ಉಪಗ್ರಹದ ಯುವಿಐಟಿ ದೂರದರ್ಶಕ ಕಂಡುಹಿಡಿದು, 2019ರಲ್ಲಿ ವರದಿಯಾಯಿತು. ಒಂದೇ ನಕ್ಷತ್ರದಿಂದ ಬರಬಹುದಾದದ್ದಕ್ಕಿಂತ ದೂರದ ಅತಿನೇರಳೆಯಲ್ಲಿ ಬೆಳಕು ಹೆಚ್ಚಿದ್ದುದೇ ಸುಳಿವು. ಯುವಿಐಟಿಯ ಚಿತ್ರ ಸುಮಾರು 1.5 ಆರ್ಕ್‌ಸೆಕೆಂಡಿನಷ್ಟು ಹರಡುವುದರಿಂದ ಗುಚ್ಛದ ಕೇಂದ್ರಕ್ಕೆ ಅದು ಸಾಲದು. ಆದರೆ ಒಂದೇ ನೋಟದಲ್ಲಿ 28 ಆರ್ಕ್‌ಮಿನಿಟ್ ಅಗಲದ ಆಕಾಶವನ್ನು ಹಿಡಿಯುವುದರಿಂದ, ಹಬಲ್‌ಗೆ ಸಿಗದ ಹೊರವಲಯಗಳಿಗೆ ಅದೇ ತಕ್ಕ ಸಾಧನ.

ನಿಶಾಗಣಿತ

ಈಗ ಚಿತ್ರ ತಿಳಿಯಾಯಿತು. ಕೊನೆಯದಾಗಿ ಒಂದು ಮಾತು: ರೋಹಿತ ಇಲ್ಲದ ಬಿಂದುಗಳನ್ನು ಪಟ್ಟಿಯಲ್ಲಿ ಹೇಗೆ ನಮೂದಿಸಲಿ? ‘ಶ್ವೇತಕುಬ್ಜ’ ಎಂದು ಬರೆಯಲು ಮನಸ್ಸು ಒಪ್ಪುತ್ತಿಲ್ಲ.

ಉತ್ತರ — ಪಿಕ್ಸೆಲ್‌ಪ್ರಿಯ

‘ಸಂಭಾವ್ಯ’ ಎಂದೇ ಬರೆಯಿರಿ, ಆದರೆ ಯಾವ ಆಧಾರದ ಮೇಲೆ ಸಂಭಾವ್ಯ ಎಂಬುದನ್ನು ಬೇರೆ ಬೇರೆ ಕಂಬಸಾಲುಗಳಲ್ಲಿ ಕೊಡಿ. ಬಣ್ಣ, ಹೈಡ್ರೋಜನ್-ಆಲ್ಫಾ, ಸ್ವಚಲನೆ, ಕ್ಷ-ಕಿರಣ, ಮಿಣುಕು ಇವುಗಳಲ್ಲಿ ಯಾವುದನ್ನು ನೋಡಿದ್ದೀರಿ ಮತ್ತು ಏನು ಸಿಕ್ಕಿತು ಎಂಬುದನ್ನು ಬರೆದು, ನೋಡಲು ಆಗದಿದ್ದ ಕಡೆ ‘ದತ್ತಾಂಶವಿಲ್ಲ’ ಎಂದು ನಮೂದಿಸಿ. ನೋಡಿಯೂ ಸಿಗದದ್ದು ಮತ್ತು ನೋಡದೇ ಇದ್ದದ್ದು ಎರಡಕ್ಕೂ ಒಂದೇ ಗೆರೆ ಎಳೆಯಬೇಡಿ. ಕೇಂದ್ರದಿಂದ ಇರುವ ದೂರವನ್ನೂ, ಆ ದೂರದಲ್ಲಿ ಕೃತಕ ನಕ್ಷತ್ರ ಪರೀಕ್ಷೆ ಕೊಟ್ಟ ಸುಳ್ಳು ಬಿಂದುಗಳ ಪಾಲನ್ನೂ ಪ್ರತಿ ಸಾಲಿನಲ್ಲಿ ಸೇರಿಸಿ. ಹಾಗೆಯೇ ಪ್ರತಿಯೊಂದು ಬಿಂದುವಿಗೂ ಮೂರೂ ಸೋಸುಕಗಳ ಪುಟ್ಟ ಚಿತ್ರತುಣುಕುಗಳನ್ನು, ಪಕ್ಕದ ನಕ್ಷತ್ರಗಳನ್ನು ಕಳೆಯುವ ಮೊದಲಿನದು ಮತ್ತು ಕಳೆದ ನಂತರದ್ದು ಎರಡನ್ನೂ, ಜೊತೆಗಿಡಿ. ಅವನ್ನು ಇಲ್ಲಿಯೂ ಹಾಕಿದರೆ ನಾವೆಲ್ಲ ಒಮ್ಮೆ ಕಣ್ಣಾಡಿಸಿ, ದೈತ್ಯದ ಕಡ್ಡಿಗಳ ಮೇಲೆ ಕುಳಿತಿರುವವು ಯಾವುವು ಎಂಬುದನ್ನು ಗುರುತಿಸಿ ಕೊಡುತ್ತೇವೆ.